ತುಂಬದೆ ಬಿಟ್ಟ ಗೀರು

ಗೀರು ತುಂಬಲೆಂದು ಹೊತ್ತಿಸಿದ ಪ್ಲಾಸ್ಟಿಕ್ ಬತ್ತಿಯನ್ನು ಐವಿಂದ್ ಮೊದಲು ಹಳೆಯ ತಗಡೊಂದರ ಮೇಲೆ ಹಿಡಿದ. ಮಸಿ ಬೆರೆತ ಮೊದಲ ಹನಿಗಳು ಅಲ್ಲೇ ಉದುರಿದವು. ಜ್ವಾಲೆ ಕುಗ್ಗಿ ನೀಲಿಗೆ ತಿರುಗಿದ ಮೇಲೆಯೇ ಅವನು ಅದನ್ನು ಹೆಂಡತಿಯ ಸ್ಕೀಯ ಬಳಿಗೆ, ಮೇಜಿನ ಮೇಲೆ ಬೋರಲು ಹಾಕಿದ್ದ ಆ ಹಿಮದ ಮೇಲೆ ಜಾರುವ ಹಲಗೆಗೆ ಇನ್ನೇನು ತಾಗಿತೆನ್ನುವಷ್ಟು ಹತ್ತಿರಕ್ಕೆ, ತಂದದ್ದು. ಕಲ್ಲು ಕೆತ್ತಿದ್ದ ಉದ್ದನೆಯ ಗೀರಿನೊಳಗೆ ಕಪ್ಪು ಹನಿಗಳು ಒಂದರ ಬೆನ್ನಿಗೊಂದು ಇಳಿದವು. ನೆಲಮಾಳಿಗೆಯ ಮೆಟ್ಟಿಲ ಮೇಲೆ ಕಾಫಿ ಹಿಡಿದು ನಿಂತಿದ್ದ ಗುನ್ವೋರ್‌ಗೆ, ತನ್ನ ಕೊನೆಯ ನೆಪವೂ ಹೀಗೆ ಹನಿಹನಿಯಾಗಿ ಮುಚ್ಚಿಹೋಗುತ್ತಿರುವುದು ಕಾಣುತ್ತಿತ್ತು.

ಈಸ್ಟರ್ ಹಬ್ಬಕ್ಕೆ ಬೆಟ್ಟದ ಮೇಲಿನ ತಮ್ಮ ಮರದ ಗುಡಿಸಲಿಗೆ ಸ್ಕೀ ಕಟ್ಟಿಕೊಂಡೇ ಹೋಗುವುದು ಮದುವೆಯಾದಂದಿನಿಂದ ತಪ್ಪದೆ ನಡೆದು ಬಂದದ್ದು. ಹೋದ ವರ್ಷ ಮಾತ್ರ, ಬರ್ಚ್ ಮರಗಳ ಇಳಿಜಾರಿನಲ್ಲಿ ಹಿಮದಡಿಯ ಕಲ್ಲೊಂದು ಅವಳನ್ನು ಕೆಡವಿ ಮಂಡಿಯನ್ನು ತಿರುಚಿದಾಗ, ಪಯಣ ಅರ್ಧದಲ್ಲೇ ನಿಂತಿತ್ತು. ಈ ವರ್ಷ ಅವಳು ಮಂಡಿನೋವೆಂದಳು. ವೈದ್ಯೆ ಪರೀಕ್ಷಿಸಿ, ಧಾರಾಳವಾಗಿ ಹೋಗಬಹುದೆಂದರು. ಹಿಮ ಸಾಲದೆಂದಳು, ಮರುದಿನವೇ ಬೇಲಿ ಮುಳುಗುವಷ್ಟು ಸುರಿಯಿತು. ಕಡೆಗೆ, ಸ್ಕೀಯ ಅಡಿ ಕೆತ್ತಿಹೋಗಿದೆಯಲ್ಲ ಎಂದಳು. ಭಯವಾಗುತ್ತದೆ ಎಂಬ ಒಂದು ಮಾತನ್ನುಳಿದು ಎಲ್ಲವನ್ನೂ ಹೇಳಿ ಮುಗಿಸಿದ್ದಳು. ಐವಿಂದ್ ಅವಳ ಸ್ಕೀಗಳನ್ನು ಹೆಗಲಿಗೇರಿಸಿ ನೆಲಮಾಳಿಗೆಗೆ ಇಳಿದಿದ್ದ.

“ಆರೋಕೆ ಬಿಡ್ಬೇಕು,” ಎಂದ ಅವನು, ಬತ್ತಿಯನ್ನು ಊದಿ ಆರಿಸುತ್ತ. “ಅವಸರಕ್ಕೆ ಕೆರೆದ್ರೆ ಎಲ್ಲ ಕಿತ್ಕೊಂಡು ಬರತ್ತೆ.”

“ಮುಂದಿನ ವರ್ಷದವರೆಗೂ ಆರಲಿ ಬಿಡು. ನಂದೇನೂ ತಕರಾರಿಲ್ಲ.”

ಅವನು ನಕ್ಕ. ಕಾಫಿ ಮುಗಿಯುವಷ್ಟರಲ್ಲಿ ಹನಿಗಳು ಗಟ್ಟಿಯಾಗಿದ್ದವು. ಉಕ್ಕಿನ ಪಟ್ಟಿಯಿಂದ ಉಬ್ಬನ್ನು ಕೆರೆದು, ಮರಳುಕಾಗದದಿಂದ ಉಜ್ಜಿ, ಚೆನ್ನಾಗಿ ಜಾರಲೆಂದು ಬಟ್ಟೆಗೆ ಬೇಡವಾದ ಹಳೆಯ ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸಿ ಹರಡಿದ. ಮೇಣದ ಬೆಚ್ಚನೆಯ ವಾಸನೆಗೆ ಎಷ್ಟೋ ಈಸ್ಟರ್‌ಗಳು ಆ ಕೋಣೆಗೆ ಮರಳಿ ಬಂದವು. ಗುನ್ವೋರ್ ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿದಳು; ಗೀರು ಎಲ್ಲಿತ್ತೆಂಬುದೇ ಸಿಗಲಿಲ್ಲ. ಬೇಡವೆಂದರೂ ಮನಸ್ಸಿಗೆ ಹಿತವಾಯಿತು.

ಆಗ ಅವಳ ದೃಷ್ಟಿ ಗೋಡೆಗೊರಗಿದ್ದ ಅವನ ಸ್ಕೀಗಳ ಮೇಲೆ ಬಿತ್ತು. ಐವಿಂದ್ ತನ್ನ ಮುಖದ ಮೇಲಿನ ಗೀರನ್ನಾದರೂ ಕ್ಷಮಿಸಿಯಾನು, ಸ್ಕೀಯ ಮೇಲಿನದನ್ನಲ್ಲ ಎಂದು ಊರವರು ಆಡಿಕೊಳ್ಳುತ್ತಿದ್ದರು. ಆ ಮನುಷ್ಯನ ಸ್ಕೀಯಡಿಯಲ್ಲಿ ಈಗ ಬೆರಳು ಕೂರುವಷ್ಟು ಅಗಲದ ಗಾಯ. ಬಿದ್ದಿದ್ದ ಅವಳ ಬಳಿಗೆ ಬಂಡೆಗಳ ನಡುವೆ ಅಡ್ಡದಾರಿ ಹಿಡಿದು ಹತ್ತಿ ಬಂದಾಗಿನದು. ಮೇಣ ಕಾಣದ ತಳ ಒಣಗಿ ಬೂದುಬಣ್ಣಕ್ಕೆ ತಿರುಗಿತ್ತು.

“ಇದನ್ನ ಯಾವಾಗ ಮಾಡ್ತೀಯ? ಬೆಳಿಗ್ಗೆ ಹೊರಡ್ಬೇಕು ಅಂತೀಯ.”

“ಅದು ಹಾಗೇ ಇರಲಿ.”

ಬತ್ತಿ ಸಾಲದೆಂದ, ಮೇಜಿನ ಮೇಲೆ ಹೊಸವು ಬಿದ್ದಿದ್ದವು. ಕಣ್ಣು ದಣಿದಿದೆಯೆಂದ. ವಯಸ್ಸಾಯಿತೆಂದೂ ಸೇರಿಸಿದ. ನೆಪ ಹೇಳುವುದರಲ್ಲಿ ಗಂಡ ತನಗಿಂತಲೂ ಕಡೆ ಎಂದು ಗುನ್ವೋರ್‌ಗೆ ಒಳಗೊಳಗೇ ನಗು ಬಂತು.

“ನಿನ್ನೆವರೆಗೂ ಇಲ್ಲದ ವಯಸ್ಸು ಇವತ್ತೇ ಬಂತಾ? ಇದು ಇಳಿಜಾರಲ್ಲೂ ಜಾರಲ್ಲ, ಐವಿಂದ್.”

“ಜಾರದೇ ಇರಲಿ ಅಂತಲೇ.” ಅವನು ಕೈಯೊಳಗಿನ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. “ನೀನು ಬಿದ್ದಾಗ ನಾನು ಕೆಳಗೆ ತಲುಪಿಬಿಟ್ಟಿದ್ದೆ. ಹತ್ತಿ ಬರೋಕೆ ಎಷ್ಟು ಹೊತ್ತು ಹಿಡೀತು. ಈ ಸಲ ನಿನ್ನ ಹಿಂದೇನೇ ನಿಧಾನಕ್ಕೆ ಬರ್ತೀನಿ.”

ಗುನ್ವೋರ್ ಆ ಇಳಿಜಾರನ್ನು ವರ್ಷವಿಡೀ ಹೊತ್ತು ತಿರುಗಿದ್ದಳು. ಕಾಲಿನ ನೋವು, ಬೆನ್ನಡಿಯ ಶೀತ, ಯಾರ ಹಂಗೂ ಇಲ್ಲದ ಆಕಾಶ. ಇದೀಗ ಅದರೊಳಗೆ ಇನ್ನೊಂದು ಸಂಗತಿ ಕಂಡಿತು. ಬಹಳ ಕೆಳಗೆ, ಪ್ರತಿ ಈಸ್ಟರ್‌ಗೂ ನಿಲ್ಲುವ ಜಾಗದಲ್ಲಿ, ಅವಳು ಬಂದ ಮೇಲೆ ಸುಲಿದು ಹಂಚಿಕೊಳ್ಳಲೆಂದು ಕಿತ್ತಳೆ ಹಣ್ಣು ಹಿಡಿದು ಐವಿಂದ್ ನಿಂತಿದ್ದ. ಇಡೀ ಬೆಟ್ಟದ ಬಿಳುಪಿನಲ್ಲಿ ಇದ್ದ ಬಣ್ಣ ಅದೊಂದೇ. ಅದನ್ನು ಎಸೆಯುವುದನ್ನೂ ಮರೆತು ಅವನು ಹತ್ತತೊಡಗಿದ್ದ. ಆ ಚುಕ್ಕೆ ಮೇಲೆ ಮೇಲಕ್ಕೆ ಬರುವುದನ್ನು ನೋಡುತ್ತಲೇ ಅವಳು ಅಳದೆ ಮಲಗಿದ್ದಳು.

ಅವಳು ಕಾಫಿ ಬಟ್ಟಲನ್ನು ಕೆಳಗಿಟ್ಟಳು. ಅವನ ಸ್ಕೀಯನ್ನು ತಾನೇ ಎತ್ತಿ ಮೇಜಿನ ಮೇಲೆ ಬೋರಲು ಹಾಕಿ, ಬತ್ತಿ ಹೊತ್ತಿಸಿ, ನೇರ ಗಾಯದ ಮೇಲೆಯೇ ಹಿಡಿದಳು. ಮಸಿಯ ಹನಿಯೊಂದು ತೊಟ್ಟಿಕ್ಕಿತು.

“ಮೊದಲು ತಗಡಿನ ಮೇಲೆ,” ಎನ್ನದಿರಲು ಐವಿಂದನಿಗೆ ಆಗಲಿಲ್ಲ.

ಅವಳು ಬತ್ತಿಯನ್ನು ತಗಡಿನತ್ತ ಸರಿಸಿದಳು. “ನಂಗೆ ಭಯ ಆಗತ್ತೆ,” ಎಂದಳು, ಜ್ವಾಲೆಯಿಂದ ಕಣ್ಣು ಕೀಳದೆ. “ಅದಕ್ಕೇ ನೀನು ಮುಂದೆ ಹೋಗು. ನಿನ್ನ ವೇಗದಲ್ಲೇ ಹೋಗು. ಹಿಂದೆ ಬಂದ್ರೆ ನಂಗೆ ಹೇಗೆ ಕಾಣ್ತೀಯ?”

ಜ್ವಾಲೆ ನೀಲಿಗೆ ತಿರುಗಿದಾಗ ಅವನು ಅವಳ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ಸ್ಕೀಯ ಹತ್ತಿರಕ್ಕೆ ತಗ್ಗಿಸಿದ. ಹನಿಗಳು ಈಗ ಶುದ್ಧವಾಗಿ ಇಳಿಯತೊಡಗಿದವು.

“ಇನ್ನೊಂದು ಮಾತು,” ಎಂದಳು ಗುನ್ವೋರ್. “ಕೆಳಗೆ ನಿಂತಾಗ ಕಿತ್ತಳೆ ಕೈಯಲ್ಲೇ ಇರಲಿ. ಜೇಬಲ್ಲಿ ಇಟ್ಕೋಬೇಡ.”