ಹದಿಮೂರನೆಯ ದೇವರಿಗೆ ಜಾಗ ಖಾಲಿ ಇದೆ

ನಾಲ್ಕನೆಯ ದೇವರು ಕಾಫಿ ಆರುವ ಮೊದಲೇ ಸತ್ತುಹೋಯಿತು. ಕೊಂದವಳು ರಂಗಕ್ಕ. ಅದೂ ಮಗ್ಗದಿಂದ ತಲೆ ಎತ್ತದೆ.

"ಚೇಳಿನ ಮೇಲೆ ಕುಂತ ದೇವ್ರಾ? ಐತಲ್ಲೋ! ರಾಂಪುರದ ಕಡೆ. ಚೇಳಪ್ಪ ಅಂತ. ಅವನ ಗುಡಿಗೆ ಚಪ್ಪಲಿ ಹಾಕ್ಕೊಂಡೇ ಹೋಗ್ಬೇಕು. ಬಿಟ್ಟು ಹೋದೋರನ್ನ ಸುಮ್ನೆ ಬಿಡಲ್ಲ ಅವ್ನು."

ಅಂಜನ್ ಹಾಳೆಯನ್ನು ಹರಿದು ಉಂಡೆ ಮಾಡಿದ. ಇನ್ನೆರಡು ದಿನ ಉಳಿದಿತ್ತು.

ಹೈದರಾಬಾದಿನ ಒಂದು ಕಂಪನಿ ಮಾಯಾಲೋಕದ ಆಟವೊಂದನ್ನು ಕಟ್ಟುತ್ತಿತ್ತು. ಆಡುವವರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ, ಕಥೆ ಹೇಳುತ್ತ ಮುಂದೆ ಹೋಗಬೇಕು. ಆ ಲೋಕಕ್ಕೆ ಹನ್ನೆರಡು ದೇವರುಗಳಿದ್ದವು, ಹದಿಮೂರನೆಯ ಜಾಗ ಖಾಲಿ. ಅದನ್ನು ತುಂಬಿದವರಿಗೆ ಕಂಪನಿಯಲ್ಲಿ ಕಥೆ ಕಟ್ಟುವ ಕೆಲಸ. ಶರತ್ತು ಒಂದೇ: ಆ ದೇವರನ್ನು ಭೂಮಿಯ ಮೇಲೆ ಎಲ್ಲಿಯೂ ಯಾರೂ ಪೂಜಿಸುತ್ತಿರಬಾರದು. ಯಾರ ಭಕ್ತಿಗೂ ನೋವಾಗಬಾರದಲ್ಲ! ಶನಿವಾರ ಸಂಜೆ ಗಡುವು.

ಮೊಳಕಾಲ್ಮೂರಿನಲ್ಲಿ ಕೂತು ಇಲ್ಲದ ದೇವರನ್ನು ಹುಡುಕುವುದೆಂದರೆ ತಮಾಷೆಯೇ? ಬೇವಿನ ಮರಕ್ಕೊಂದು, ಬಂಡೆಗೊಂದು, ಹುತ್ತಕ್ಕೆ ಎರಡು ದೇವರಿರುವ ಸೀಮೆ.

ಕೆಲಸ ಸಿಗದಿದ್ದರೆ ಸೋಮವಾರದಿಂದ ಚಳ್ಳಕೆರೆಯ ಓಂಕಾರಮೂರ್ತಿಯವರ ಎಣ್ಣೆ ಮಿಲ್ಲು. ಅಪ್ಪ ಚಿತ್ತಪ್ಪ ಆಗಲೇ ಹೋಗಿ ಮಾತಾಡಿ ಬಂದಿದ್ದ. "ದೇವ್ರನ್ನ ಹುಟ್ಸಿದ್ದು ಸಾಕು, ಡಬ್ಬಕ್ಕೆ ಚೀಟಿ ಅಂಟ್ಸು ನಡಿ" ಎಂದಿದ್ದ. ಅದನ್ನು ನೆನೆದರೇ ಅಂಜನನಿಗೆ ಅಳು ಬರುತ್ತಿತ್ತು.

ರಂಗಕ್ಕ ಅಪ್ಪನ ಅಕ್ಕ. ನಲವತ್ತು ವರ್ಷದಿಂದ ಅದೇ ಮಗ್ಗ, ಅದೇ ರೇಷ್ಮೆ. ಸುತ್ತಿನ ದೇವರುಗಳೆಲ್ಲ ಅವಳ ನಾಲಿಗೆಯ ತುದಿಯಲ್ಲೇ ಇದ್ದರು. ಹಾಗಾಗಿ ಅಂಜನ್ ಹುಟ್ಟಿಸಿದ ಪ್ರತಿ ದೇವರೂ ಮೊದಲು ಅವಳ ಮುಂದೆ ಬಂದು ನಿಲ್ಲಬೇಕಿತ್ತು. ಅವಳೂ ಪಾಪ, ಕಂಪನಿಯ ಶರತ್ತುಗಳನ್ನೆಲ್ಲ ಎರಡೆರಡು ಸಲ ಕೇಳಿ ತಿಳಿದುಕೊಂಡಿದ್ದಳು.

"ಬರ್ದೇ ಕಳಿಸ್ಬೇಕೇನೋ? ಬಾಯಾಗೆ ಹೇಳಿದ್ರೆ ಆಗಲ್ವಾ?"

"ಫೋನಾಗೆ ಹೇಳಿ ಕಳಿಸಿದ್ರೂ ಆಗ್ತೈತೆ ಅತ್ತೆ. ಯಾಕೆ?"

"ಬರ್ದೂ ಬರ್ದೂ ನಿನ್ ಕೈ ನೋಯ್ತೈತಲ್ಲ, ಅದಕ್ಕಂದೆ."

ಎಂಥ ಕರುಳು! ಅಂಜನನ ಕಣ್ಣು ತೇವವಾಯಿತು.

ಶುಕ್ರವಾರ ಐದನೆಯದನ್ನು ತಂದ. ಎಡಗಿವಿ ಒಂದೇ ಇರುವ ದೇವರು, ಭಕ್ತರ ಹರಕೆ ಅರ್ಧ ಮಾತ್ರ ಕೇಳಿಸುತ್ತದೆ. ಲಾಳಿ ಒಂದು ಉಸಿರಿನಷ್ಟು ಹೊತ್ತು ನಿಂತಿತು.

"ಅಯ್ಯೋ, ನನ್ನಿವಾಳದ ಒಂಟಿಗಿವಿ ಅಜ್ಜಯ್ಯ ಕಣೋ ಅದು! ಅತ್ತೆ ಸೊಸೆ ಜೊತೇಲಿ ಹೋದ್ರೆ ಎಡಗಡೆ ಜಾಗಕ್ಕೆ ಕಿತ್ತಾಟ ನೋಡ್ಬೇಕು ನೀನು."

ಶನಿವಾರ ಬೆಳಿಗ್ಗೆ ಆರನೆಯದು. ವರವು ಕಾವಲು ಎಂಬ ಹುಲ್ಲುಗಾವಲಿನಲ್ಲಿ ಅಡಗಿ, ಮೇಲೆ ಹಾರುವ ಚಾಲಕನಿಲ್ಲದ ವಿಮಾನಗಳ ದಾರಿ ತಪ್ಪಿಸುವ ದೇವಿ. ವಿಮಾನವೇ ಮೊನ್ನೆ ಮೊನ್ನೆ ಬಂದದ್ದು, ದೇವಿ ಹಳೆಯವಳಾಗುವುದು ಹೇಗೆ?

"ಹುಲ್ಲಮ್ಮ," ಎಂದಳು ರಂಗಕ್ಕ. "ಮೊದ್ಲು ಹದ್ದಿಗೆ ದಾರಿ ತಪ್ಪಿಸ್ತಿದ್ಲು. ಈಗ ಅವಳ ಕಾವಲಿಗೇ ವಿಮಾನ ಬಂದ್ರೆ ಅವಳೇನ್ ಮಾಡ್ತಾಳೆ?"

ಅಂಜನ್ ಕೈಚೆಲ್ಲಿದ. ಇರುವ ದೇವರನ್ನು ಇಲ್ಲ ಎಂದು ಬರೆದು ಕಳಿಸುವ ಧೈರ್ಯ ಅವನಿಗಿರಲಿಲ್ಲ. ಸೋಮವಾರ ಚಳ್ಳಕೆರೆ ಬಸ್ಸು ಹತ್ತಿದ.

ಮೂರನೆಯ ದಿನ ಮಾಲೀಕರು ಶೇಂಗಾ ಮೂಟೆ ತರಲು ಅವನನ್ನು ಲಾರಿಯಲ್ಲಿ ನನ್ನಿವಾಳಕ್ಕೆ ಕಳಿಸಿದರು. ಮೂಟೆ ಏರಿಸುವಷ್ಟರಲ್ಲಿ ಅಂಜನ್ ಗುಡಿ ಹುಡುಕಿ ಹೊರಟ. ತನ್ನ ಬಾಳು ಹಾಳು ಮಾಡಿದ ಆ ಅಜ್ಜಯ್ಯನ ಕಿವಿಯಿಲ್ಲದ ಬಲಗಡೆ ನಿಂತು ಚೆನ್ನಾಗಿ ಬೈದು ಬರಬೇಕೆಂದು ಅವನ ಆಸೆ. ಕಟ್ಟೆಯ ಮೇಲಿದ್ದ ಮುದುಕ ಕ್ಯಾತಪ್ಪನನ್ನು ದಾರಿ ಕೇಳಿದ.

"ಒಂಟಿಗಿವಿ ಅಜ್ಜಯ್ಯನಾ?" ಕ್ಯಾತಪ್ಪ ಕಿವಿಗೆ ಕೈಯಿಟ್ಟು ಇನ್ನೊಮ್ಮೆ ಕೇಳಿಸಿಕೊಂಡ. "ನಮ್ಮೂರಾಗೆ ಕಿವಿ ಕೇಳಿಸ್ದಿರೋರು ನಾಕು ಮಂದಿ ಇದೀವಪ್ಪ. ಯಾರೂ ಇನ್ನೂ ದೇವ್ರಾಗಿಲ್ಲ."

ಅಂಜನ್ ಅಲ್ಲಿಂದಲೇ ರಾಂಪುರದ ಗೆಳೆಯ ವೀರೇಶನಿಗೆ ಫೋನ್ ಮಾಡಿದ. ಚೇಳಪ್ಪನೂ ಇರಲಿಲ್ಲ.

ಆಗ ಎಲ್ಲ ಅರ್ಥವಾಯಿತು. ಅಪ್ಪ! ಮಗನನ್ನು ಮಿಲ್ಲಿಗೆ ತಳ್ಳಲು ಅಪ್ಪನೇ ಅಕ್ಕನಿಗೆ ಹೇಳಿಕೊಟ್ಟಿದ್ದಾನೆ. ಲಾರಿಯನ್ನು ಮಿಲ್ಲಿಗೆ ಮುಟ್ಟಿಸಿ, ಮಾಲೀಕರಿಗೆ ಒಂದು ಮಾತೂ ಹೇಳದೆ ಮೊಳಕಾಲ್ಮೂರು ಬಸ್ಸು ಹಿಡಿದ.

ಚಿತ್ತಪ್ಪ ಹೊಸ್ತಿಲಲ್ಲೇ ಕೂತಿದ್ದ, ದೆವ್ವ ಬಡಿದವನ ಹಾಗೆ.

"ಅತ್ತೆ ಕೈಲಿ ಸುಳ್ಳು ಹೇಳಿಸ್ದೋನು ನೀನೇ ತಾನೇ ಅಪ್ಪಾ?"

ಚಿತ್ತಪ್ಪ ಒಳಗೆ ಬೆರಳು ತೋರಿಸಿದ.

ಮಗ್ಗ ನಿಂತಿತ್ತು. ರಂಗಕ್ಕ ಚಾಪೆಯ ಮೇಲೆ ಫೋನನ್ನು ಮುಂದಿಟ್ಟುಕೊಂಡು ಕೂತಿದ್ದಳು. ತೆಲುಗು ಬೆರೆತ ಕನ್ನಡದ ದನಿಯೊಂದು ಫೋನಿನಿಂದ ಮನೆ ತುಂಬ ಕೇಳುತ್ತಿತ್ತು.

"ರಂಗಕ್ಕಗಾರೂ, ಮುನ್ನೂರು ದೇವರು ಬಂದಿದ್ದವಮ್ಮಾ. ಗೆದ್ದಿದ್ದು ನೀವು ಹೇಳಿ ಕಳಿಸಿದ ದೇವಿ. ಯಾರೇ ಹೊಸ ದೇವರನ್ನ ಹುಟ್ಟಿಸಿದ್ರೂ 'ಇದು ಮೊದಲೇ ಐತೆ' ಅಂತ ನಂಬಿಸಿ ಕೊಂದುಹಾಕೋ ದೇವಿ! ಎಲ್ಲಿಂದ ಹೊಳೀತಮ್ಮಾ ನಿಮಗೆ? ಕೆಲಸಕ್ಕೆ ಯಾವಾಗ ಬರ್ತೀರಿ?"

ಬಾಗಿಲಲ್ಲಿ ನಿಂತ ಅಂಜನನನ್ನು ರಂಗಕ್ಕ ನೋಡಿದಳು. ನಾಚಲಿಲ್ಲ, ಬೆಚ್ಚಲಿಲ್ಲ. ಕೂತ್ಕೋ ಎಂದು ಕೈಸನ್ನೆ ಮಾಡಿ ಫೋನಿಗೆ ಬಾಗಿದಳು.

"ಬರ್ತೀನಿ ಸ್ವಾಮಿ, ಆದ್ರೆ ಬರ್ಕೊಳ್ಳಾಕೆ ನಮ್ ಹುಡುಗನ್ನ ಕರ್ಕೊಂಡು ಬರ್ತೀನಿ. ಸ್ವಂತದ್ದು ಅಂತ ಏನೂ ಹೊಳೆಯಲ್ಲ ಅವನಿಗೆ, ಹೇಳಿದ್ದನ್ನೆಲ್ಲ ನಂಬ್ತಾನೆ."