ಕೈಗಡ ತಂದ ಗಮನ

ಪಂದ್ಯದ ದಿನ ಮನೆಯವರ ಗಮನವನ್ನು ಕೈಗಡ ಪಡೆದು ಆಡುವುದು ಹುಬ್ಬಳ್ಳಿಯಲ್ಲಿ ಈಗ ಹೊಸದೇನಲ್ಲ. ಪೋಕರ್ ಫೈನಲ್‌ಗೆ ಹೊರಟ ವಿಶಾಲಾಕ್ಷಿಗೆ ಗಂಡ ಗುರುಪಾದ ತನ್ನದನ್ನು ಒಂದಿಷ್ಟೂ ಉಳಿಸಿಕೊಳ್ಳದೆ ಕೊಟ್ಟು, ಮನೆಯಲ್ಲಿ ಸಕ್ಕರೆಯೆಂದು ಉಪ್ಪು ಬೆರೆಸಿದ ಚಹಾ ಕುಡಿಯುತ್ತ ಕುಳಿತಿದ್ದ.

ಆದರೆ ಎದುರಾಳಿಯ ಮುಖ ಓದಬೇಕಿದ್ದ ಆ ಗಮನ ಜಾರಿ ಜಾರಿ ಅವಳ ಮೇಲೆಯೇ ಬೀಳತೊಡಗಿತು. ಎ.ಸಿ.ಯ ಚಳಿಗೆ ಅವಳ ಬೆರಳುಗಳು ಮರಗಟ್ಟಿವೆ, ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ಎಂಬುದನ್ನೇ ನೋಡುತ್ತ ಕುಳಿತಿತು. ಎದುರಿನವನ ಗೆಲುವಿನ ನಗೆ ಕಣ್ಣಿಗೆ ಬೀಳದೆ ಅವಳು ಇದ್ದ ಪಣದ ಬಿಲ್ಲೆಗಳನ್ನೆಲ್ಲ ಒಡ್ಡಿ ಸೋತಳು.

ಹೊರಗೆ ಬಂದು ಫೋನ್ ಮಾಡಿದಳು. "ರೀ, ನಿಮ್ಮ ಲಕ್ಷ್ಯ ಆಟದ ಮ್ಯಾಲೆ ನಿಲ್ಲಲೇ ಇಲ್ಲ. ಸೋತೆ."

"ಹೋಗ್ಲಿ ಬಿಡು. ನೀ ಊಟಾ ಮಾಡೀಯೇನು?"

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಅವನ ಗಮನವೆಲ್ಲ ಇನ್ನೂ ತನ್ನ ಹತ್ತಿರವೇ ಇತ್ತು. ಅದಿಲ್ಲದೆಯೂ ಅವನು ಕೇಳಿದ್ದ.