ಹಳದಿ ರೇನ್‌ಕೋಟು

ಅಳಿಸಲೇ ಎಂದು ಕೇಳಿದ ಹೊಸ ಕ್ಯಾಮೆರಾಗೆ ಹೂಂ ಎಂದು ಗುಂಡಿ ಒತ್ತಿದ ಮೇಲೆಯೇ ದರ್ಜಿಗೆ ಹೊಳೆದದ್ದು: ಜಲಪಾತದ ಬುಡದಲ್ಲಿದ್ದ ಆ ಹಳದಿ ಚುಕ್ಕೆ ಯಾರೋ ದಾರಿಹೋಕರದಲ್ಲ, ರೇನ್‌ಕೋಟು ತೊಟ್ಟ ತನ್ನ ಹೆಂಡತಿಯದು. ಎರಡೂ ಕೈಯೆತ್ತಿ ಇವನತ್ತಲೇ ನೋಡಿ ನಗುತ್ತಿದ್ದಳು.

ಅದು ಇವತ್ತಿನ ಮೊದಲ ಫೋಟೋ. ಶಟರ್ ಬೇಗ ಮುಚ್ಚಿಕೊಂಡು ನೀರು ಒಡೆದ ಗಾಜಿನಂತೆ ಬಂದಿತ್ತು, ಹಾಗಾಗಿ ಕಾರಿಗೆ ಮರಳಿದ ಮೇಲೆ ಕೆಟ್ಟಿದೆ ಎಂದು ಅಳಿಸಿಬಿಟ್ಟಿದ್ದ. ಶಟರ್ ಹೆಚ್ಚು ಹೊತ್ತು ತೆರೆದಿಟ್ಟು ತೆಗೆದ ಉಳಿದವುಗಳಲ್ಲಿ ನೀರೇನೋ ಅವನು ಆಸೆಪಟ್ಟಂತೆ ಹಾಲಾಗಿ ಸುರಿದಿತ್ತು. ಅವಳು ಕೈಬೀಸುತ್ತ ಓಡಾಡಿದಲ್ಲೆಲ್ಲ ಬರೀ ಹಳದಿ ಹೊಗೆ.

ಕಾರಿನಲ್ಲಿ ಪಕ್ಕಕ್ಕೆ ಕೂತಿದ್ದ ಹೆಂಡತಿ ಒದ್ದೆ ಕೂದಲು ಹಿಂಡುತ್ತ ಕೇಳಿದಳು, "ಒಂದರಲ್ಲಾದ್ರೂ ನಾನು ಬಂದಿದೀನಾ?"

ಅವನು ಕ್ಯಾಮೆರಾದ ಪರದೆಯನ್ನು ಅಂಗಿಗೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ನೀನು ಅಲ್ಲಾಡ್ತಾ ಇದ್ದೆ ಕಣೇ."

ಅವಳು ಕ್ಯಾಮೆರಾ ಇಸಕೊಂಡು ಒಂದೊಂದೇ ನೋಡಿ, ಮೆಲ್ಲಗೆ ಅವನ ತೊಡೆಯ ಮೇಲಿಟ್ಟಳು. "ಅಂಗಡಿಗೆ ಅಳತೆ ಕೊಡೋಕೆ ಬಂದವರಿಗೆಲ್ಲ ಅಲ್ಲಾಡದೆ ನಿಂತ್ಕೊಳ್ಳಿ ಅಂತೀರಿ," ಎಂದಳು. "ನನಗೂ ಒಂದು ಮಾತು ಹೇಳಿದ್ರೆ ನಿಂತ್ಕೋತಿದ್ದೆ."